ರೈಫಲ್ ಜೊತೆ ಶಿವಮೊಗ್ಗದಿಂದ ದೆಹಲಿಗೆ: ಕಾರಲ್ಲಿ ಹೋಗುವುದು ಹೇಗೆ?

ಹತ್ತು ಮೀಟರ್ ಏರ್ ರೈಫಲ್ ಗುರಿಯ ನಟ್ಟನಡುವಿನ ಚುಕ್ಕಿ ಬರೀ 0.5 ಮಿ.ಮೀ. ಅದಕ್ಕೆ 75 ನಿಮಿಷದೊಳಗೆ 60 ಸಲ ಹೊಡೆಯಬೇಕು. ಕಾರಿನಲ್ಲಿ ಕೂತು ಕೂತು ಸೋತ ಮೈ ಅದಕ್ಕೆ ಒಗ್ಗುವುದಿಲ್ಲ.

ಮೊದಲ ಸಲ ಮಗಳನ್ನು ದೆಹಲಿಯ ತುಘಲಕಾಬಾದ್‌ನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದಾಗ ಮೂರೇ ದಿನದಲ್ಲಿ ಗಾಡಿ ಓಡಿಸಿಬಿಟ್ಟೆ. ಸ್ಪರ್ಧೆಯ ಹಿಂದಿನ ರಾತ್ರಿ ತಲುಪಿದೆವು. ಬೆಳಿಗ್ಗೆ ರೈಫಲ್ ಎತ್ತಿದರೆ ಅವಳಿಗೆ ಸೊಂಟವೇ ನಿಲ್ಲುತ್ತಿರಲಿಲ್ಲ. ವರ್ಷದ ಅಭ್ಯಾಸ ನನ್ನ ಅವಸರದಿಂದ ಹಾಳಾಯಿತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ದಾರಿಯನ್ನು ಐದು ದಿನಕ್ಕೆ ಹಂಚಿ

ಒಟ್ಟು ಸುಮಾರು 2,100 ಕಿ.ಮೀ. ಹೊನ್ನಾಳಿ, ಹರಿಹರದ ಮೇಲೆ ಹೆದ್ದಾರಿ ಹಿಡಿದು ಮೊದಲ ರಾತ್ರಿ ಕೊಲ್ಹಾಪುರ. ಆಮೇಲೆ ನಾಸಿಕ್, ಇಂದೋರ್, ಗ್ವಾಲಿಯರ್, ದೆಹಲಿ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಚಳಿಗಾಲವಾದರೆ ಆಗ್ರಾ ಕಡೆ ಮಂಜು ವಿಪರೀತ. ಆಗುಂಬೆಯ ಮಂಜು ಕಂಡವರಿಗೆ ಧೈರ್ಯ ಜಾಸ್ತಿ, ಆದರೆ ಅಲ್ಲಿ ಗಾಡಿಗಳ ವೇಗವೇ ಬೇರೆ. ಬಿಸಿಲು ಬಂದ ಮೇಲೇ ಹೊರಡಿ. ಸ್ಪರ್ಧೆಗೆ ಎರಡು ದಿನ ಮುಂಚೆ ತಲುಪುವ ಹಾಗೆ ಲೆಕ್ಕ ಹಾಕಿ.

ಕಾಗದ ಪತ್ರ

ನಳಿಗೆಯ ತೂತು 0.177 ಇಂಚು, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೂ ರೈಫಲ್ ಕೊಂಡ ರಸೀದಿ, ಸ್ಪರ್ಧೆಯ ಪ್ರವೇಶ ಪತ್ರ, ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಚೆಕ್‌ಪೋಸ್ಟ್‌ನಲ್ಲಿ ಕೇಳಿದರೆ ಸಮಾಧಾನದಿಂದ ತೋರಿಸಿ. 0.22 ರೈಫಲ್ ಆದರೆ ಲೈಸೆನ್ಸ್ ಬೇಕೇ ಬೇಕು, ಅದು ಇಡೀ ದೇಶಕ್ಕೆ ಅನ್ವಯಿಸಬೇಕು. ಊರಲ್ಲಿ ಬೆಳೆ ಕಾಯುವ ಕೋವಿಯ ಲೈಸೆನ್ಸ್ ಇದೆ ಎಂದು ಹೊರಟುಬಿಡಬೇಡಿ.

ಪೆಟ್ಟಿಗೆ ತುಂಬುವಾಗ

ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಖಾಲಿ ಎಂದು ತೋರಿಸಲು ನಳಿಗೆಗೆ ಸಿಕ್ಕಿಸುವ ಸೇಫ್ಟಿ ಫ್ಲಾಗ್ ಹಾಕಿ. ಪೀಪ್ ಸೈಟ್ (ಗುರಿ ನೋಡುವ ತೂತಿನ ಭಾಗ) ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿ, ಅದರ ತಿರುಪು ಎಷ್ಟು ಕ್ಲಿಕ್‌ನಲ್ಲಿತ್ತು ಎಂದು ಬರೆದಿಡಿ. ನಮ್ಮ ಮಲೆನಾಡಿನ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಇರಲಿ. ಗಾಳಿಯ ಸಿಲಿಂಡರ್ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬೇಡ, ಬಿಸಿಗೆ ಒಳಗಿನ ಒತ್ತಡ ಏರುತ್ತದೆ. ಶೂಟಿಂಗ್ ಜಾಕೆಟ್ ಮಡಚಬೇಡಿ, ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಹಾಸಿ.

ಎಲ್ಲರೂ ಮರೆಯುವುದು ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡುಗಳ ಡಬ್ಬಿ. ಪೆಲೆಟ್‌ನ ಹಿಂಭಾಗ ಲಂಗದ ಅಂಚಿನಷ್ಟು ತೆಳು, ಸೀಸವಾದ್ದರಿಂದ ಉಗುರಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಅರ್ಧ ಖಾಲಿಯಾದ ಡಬ್ಬಿ ದಾರಿಯುದ್ದಕ್ಕೂ ಗಲಗಲ ಅಂದರೆ ಒಂದಕ್ಕೊಂದು ಉಜ್ಜಿ ಹಾಳಾಗುತ್ತವೆ. ಸ್ಪಂಜನ್ನು ದುಂಡಗೆ ಕತ್ತರಿಸಿ ಮುಚ್ಚಳದ ಕೆಳಗೆ ಒತ್ತಿ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು.

ಊಟ, ಕಾಫಿ, ಅಭ್ಯಾಸ

ಕಾಫಿ ಕುಡಿದರೆ ಕೆಲವರಿಗೆ ಎದೆಬಡಿತ ಏರುತ್ತದೆ, ಕೈಗೂ ಅದು ತಾಗುತ್ತದೆ. ಹಾಗಂತ ದಿನಾ ಕುಡಿಯುವವರು ಸ್ಪರ್ಧೆಯ ದಿನ ಒಮ್ಮೆಲೇ ಬಿಟ್ಟರೆ ತಲೆನೋವು ಗ್ಯಾರಂಟಿ. ಎರಡು ವಾರ ಮೊದಲೇ ಲೋಟ ಚಿಕ್ಕದು ಮಾಡುತ್ತಾ ಬನ್ನಿ. ದಾರಿಗೆ ಅವಲಕ್ಕಿ, ಬಾಳೆಹಣ್ಣು, ಅಪ್ಪೆಮಿಡಿ ಇದ್ದರೆ ಮೊಸರನ್ನ ಎಲ್ಲಿ ಸಿಕ್ಕರೂ ಊಟವಾಗುತ್ತದೆ.

ರಾತ್ರಿ ಲಾಡ್ಜ್‌ನಲ್ಲಿ ಕಿಟಕಿ ಪರದೆ ಎಳೆದು, ಗೋಡೆಗೆ ಕಪ್ಪು ಚುಕ್ಕಿಯ ಕಾಗದ ಅಂಟಿಸಿ ಇಪ್ಪತ್ತು ನಿಮಿಷ ಪೆಲೆಟ್ ಇಲ್ಲದೆ ಗುರಿ ಹಿಡಿಯಿರಿ. ಈಗ ಮಗಳು ಇದನ್ನು ಒಂದು ರಾತ್ರಿಯೂ ತಪ್ಪಿಸುವುದಿಲ್ಲ. ಕಳೆದ ಸಲ ಗ್ವಾಲಿಯರ್‌ನಲ್ಲಿ ರೈಫಲ್ ಇಳಿಸಿ, "ಅಪ್ಪಾ, ಸೊಂಟ ನಿಂತಿದೆ" ಅಂದಳು.