ಕ್ಲಿನಿಕ್ ಸೈಟಿನಲ್ಲಿ ಉಳಿದುಹೋಗಿದ್ದ ಟ್ರ್ಯಾಕಿಂಗ್ ಕೋಡ್ ತೆಗೆದಿದ್ದು: ನನ್ನ ಅನುಭವ

ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರೊಬ್ಬರ ಕ್ಲಿನಿಕ್ಕಿನ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ವರ್ಡ್‌ಪ್ರೆಸ್ ಸೈಟ್. ನನ್ನ ಹತ್ತಿರ ಬರುವ ಮೊದಲು ಮೂರು ಜನರ ಕೈ ದಾಟಿತ್ತು. ಒಂದು ದಿನ ಡಾಕ್ಟರ್ ಫೋನ್ ಮಾಡಿ, "ನಾವು ಆ್ಯಡ್ ಕೊಡೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ನಮ್ಮ ಸೈಟಿಂದ ಇನ್ನೂ ಯಾರಿಗಾದ್ರೂ ಏನಾದ್ರೂ ಹೋಗ್ತಿದೆಯಾ, ಸ್ವಲ್ಪ ನೋಡಿ" ಅಂದರು. "ಇರಲಿಕ್ಕಿಲ್ಲ ಮೇಡಂ, ನೋಡಿ ಹೇಳ್ತೀನಿ" ಅಂದೆ.

ಮೊದಲು ನೋಡಿದಾಗ ಏನೂ ಕಾಣಲಿಲ್ಲ. ನಾನು ಅಡ್ಮಿನ್ ಆಗಿ ಲಾಗಿನ್ ಆಗಿದ್ದೆ. ಸೈಟ್ ನಡೆಸುವವರ ಓಡಾಟ ಲೆಕ್ಕಕ್ಕೆ ಸೇರದಿರಲಿ ಅಂತ ಎಷ್ಟೋ ಪ್ಲಗಿನ್‌ಗಳು ಅಡ್ಮಿನ್‌ಗೆ ಟ್ರ್ಯಾಕಿಂಗ್ ಕೋಡ್ (ಸೈಟಿಗೆ ಬಂದವರು ಏನು ನೋಡಿದರು ಅಂತ ಹೊರಗಿನ ಕಂಪನಿಗೆ ತಿಳಿಸುವ ಕೋಡ್) ತೋರಿಸುವುದೇ ಇಲ್ಲ. ನನ್ನ ಬ್ರೌಸರಿನಲ್ಲಿ ಆ್ಯಡ್ ಬ್ಲಾಕರ್ ಬೇರೆ ಇತ್ತು. ಎರಡನ್ನೂ ಬಿಟ್ಟು ಇನ್‌ಕಾಗ್ನಿಟೊ ವಿಂಡೋದಲ್ಲಿ ಹೋದೆ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ (ಪುಟ ಯಾವ ಯಾವ ಸರ್ವರ್ ಜೊತೆ ಮಾತಾಡುತ್ತದೆ ಅನ್ನುವ ಪಟ್ಟಿ) ತೆರೆದು, ಬಂಜೆತನದ ಚಿಕಿತ್ಸೆಯ ಪುಟ ಲೋಡ್ ಮಾಡಿದೆ.

ಅಲ್ಲಿ ಫೇಸ್‌ಬುಕ್ ಪಿಕ್ಸೆಲ್‌ನ ಒಂದು ಸಾಲು ಇತ್ತು. ಸೈಟಿಗೆ ಬಂದವರ ಓಡಾಟವನ್ನು ಆ್ಯಡ್ ಲೆಕ್ಕಕ್ಕೆ ಫೇಸ್‌ಬುಕ್‌ಗೆ ಕಳಿಸುವ ಕೋಡ್ ಇದು. ಆ ಸಾಲನ್ನು ಒತ್ತಿ ಒಳಗೆ ನೋಡಿದೆ. 'ಇವಿ' ಎದುರಿಗೆ ಪೇಜ್‌ವ್ಯೂ ಅಂತ. 'ಡಿಎಲ್' ಎದುರಿಗೆ ಪುಟದ ಪೂರ್ತಿ ವಿಳಾಸ. ಚಿಕಿತ್ಸೆಯ ಹೆಸರು ಆ ವಿಳಾಸದಲ್ಲೇ ಇತ್ತು. ಮನೆಯಲ್ಲಿ ಯಾರಿಗೂ ಹೇಳದೆ, ರಾತ್ರಿ ಫೋನ್ ಹಿಡಿದು ಆ ಪುಟ ಓದುವ ಹೆಂಗಸರು ಇದ್ದಾರೆ. ಅವರು ಓದಿದ್ದು ಹೀಗೆ ಹೊರಗೆ ಹೋಗುತ್ತಿತ್ತು. ಪಿಕ್ಸೆಲ್ ತನ್ನ ಕೆಲಸ ತಾನು ಮಾಡುತ್ತಿತ್ತು. ಹಾಕಿ ಮರೆತ ತಪ್ಪು ನಮ್ಮ ಕಡೆಯದು. ನನಗೆ ತುಂಬಾ ಸಂಕಟವಾಯಿತು.

ಬ್ಯಾಕಪ್ ತೆಗೆದುಕೊಂಡು ಹುಡುಕಲು ಕೂತೆ. ಸುಲಭವಾಗಿ ಸಿಕ್ಕಿದ್ದು ಎರಡು. ಥೀಮ್‌ನ ಹೆಡರ್ ಫೈಲಿನಲ್ಲಿ 'ಯುಎ' ಅಂತ ಶುರುವಾಗುವ ಎಷ್ಟು ಜನ ಬಂದರು ಅಂತ ಲೆಕ್ಕ ಇಡುವ ಹಳೆಯ ಗೂಗಲ್ ಅನಾಲಿಟಿಕ್ಸ್ ಕೋಡ್. ಆ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದಲೇ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಆದರೂ ನಮ್ಮ ಪುಟ ಸುಮ್ನೆ ಕುಕಿ (ಬಂದವರನ್ನು ಗುರುತಿಸಲು ಅವರ ಬ್ರೌಸರಿನಲ್ಲಿ ಇಡುವ ಸಣ್ಣ ಗುರುತು) ಹಾಕುತ್ತಲೇ ಇತ್ತು. ಫುಟರ್‌ನಲ್ಲಿ ಆ್ಯಡ್‌ದಿಸ್ ಶೇರ್ ಬಟನ್ ಕೋಡ್. ಆ ಸೇವೆ 2023ರ ಮೇ 31ಕ್ಕೆ ಮುಚ್ಚಿತ್ತು. ಎರಡನ್ನೂ ಅಳಿಸಿ, ಕ್ಯಾಶ್ (ಬೇಗ ತೋರಿಸಲು ಉಳಿಸಿಟ್ಟ ಪುಟದ ನಕಲು) ಖಾಲಿ ಮಾಡಿದೆ. ಕ್ಯಾಶ್ ಖಾಲಿ ಮಾಡದಿದ್ದರೆ ಹಳೇ ಪುಟವೇ ಬರುತ್ತಿರುತ್ತದೆ, ತೆಗೆದರೂ ಹೋಗಿಲ್ಲವಲ್ಲ ಅಂತ ತಲೆ ಕೆಡುತ್ತದೆ.

ಪಿಕ್ಸೆಲ್ ಮಾತ್ರ ಹೋಗಲಿಲ್ಲ. ಪುಟದ ಸೋರ್ಸ್ ತೆರೆದು ಹುಡುಕಿದರೆ ಫೇಸ್‌ಬುಕ್ ಅನ್ನುವ ಹೆಸರೇ ಇಲ್ಲ. ನೆಟ್‌ವರ್ಕ್ ಟ್ಯಾಬಿನಲ್ಲಿ ಮಾತ್ರ ಇದೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಅದೇ ಟ್ಯಾಬಿನ 'ಇನಿಶಿಯೇಟರ್' ಕಾಲಂ. ಯಾವ ಫೈಲು ಯಾವುದನ್ನು ಕರೆಯಿತು ಅಂತ ಅದು ಹೇಳುತ್ತದೆ. ಪಿಕ್ಸೆಲ್ ಅನ್ನು ಕರೆದದ್ದು ಗೂಗಲ್ ಟ್ಯಾಗ್ ಮ್ಯಾನೇಜರ್. ಬೇರೆ ಬೇರೆ ಕೋಡ್‌ಗಳನ್ನು ಹೊರಗಿನಿಂದಲೇ ಸೈಟಿಗೆ ಸೇರಿಸುವ ಸೇವೆ ಅದು. ಅಂದರೆ ಪಿಕ್ಸೆಲ್ ನಮ್ಮ ಸೈಟಿನಲ್ಲಿ ಇರಲೇ ಇಲ್ಲ. ಬೇರೆಲ್ಲೋ ಇದ್ದ ಅದರ ಒಂದು ಕಂಟೇನರಿನ (ಕೋಡ್‌ಗಳನ್ನು ಇಡುವ ಡಬ್ಬಿಯಂಥದ್ದು) ಒಳಗಿತ್ತು.

ಆ ಕಂಟೇನರ್ ಹಿಂದೆ ಆ್ಯಡ್ ನೋಡಿಕೊಳ್ಳುತ್ತಿದ್ದವರ ಸ್ವಂತ ಅಕೌಂಟಿನದು. ಕ್ಲಿನಿಕ್ಕಿನಲ್ಲಿ ಯಾರ ಹತ್ತಿರವೂ ಲಾಗಿನ್ ಇರಲಿಲ್ಲ. ಪಿಕ್ಸೆಲ್‌ಗಿಂತ ಇದೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಆ ಅಕೌಂಟ್ ಇದ್ದವರು ಬೇಕೆಂದಾಗ ನಮ್ಮ ಪುಟದಲ್ಲಿ ಯಾವ ಸ್ಕ್ರಿಪ್ಟ್ ಬೇಕಾದರೂ ಓಡಿಸಬಹುದಿತ್ತು. ಮನೆ ಬಿಟ್ಟುಹೋದ ಬಾಡಿಗೆಯವರ ಹತ್ತಿರ ಕೀಲಿ ಉಳಿದ ಹಾಗೆ, ಅಲ್ವಾ?

ಟ್ಯಾಗ್ ಮ್ಯಾನೇಜರ್ ಕೋಡ್‌ಗೆ ಎರಡು ತುಂಡು: ಒಂದು ಸ್ಕ್ರಿಪ್ಟ್, ಇನ್ನೊಂದು, ಬ್ರೌಸರಿನಲ್ಲಿ ಸ್ಕ್ರಿಪ್ಟ್ ಓಡದಿದ್ದಾಗ ಬಳಕೆಯಾಗುವ ನೋಸ್ಕ್ರಿಪ್ಟ್ ಐಫ್ರೇಮ್. ಎರಡನೆಯದು ಥೀಮ್ ಫೈಲುಗಳಲ್ಲಿ ಗ್ರೆಪ್ ಮಾಡಿದಾಗ (ಪದ ಕೊಟ್ಟು ಹುಡುಕಿದಾಗ) ಸಿಕ್ಕಿತು. ಮೊದಲನೆಯದು ಯಾವ ಫೈಲಿನಲ್ಲೂ ಇಲ್ಲ. ಡೇಟಾಬೇಸ್ ಹುಡುಕಿದ ಮೇಲೆ ಆಪ್ಷನ್ಸ್ ಟೇಬಲಿನಲ್ಲಿ ಕಂಡಿತು. ಹೆಡರಿಗೆ ಕೋಡ್ ಸೇರಿಸುವ ಒಂದು ಸಣ್ಣ ಪ್ಲಗಿನ್ನಿನ ಪೆಟ್ಟಿಗೆಯಲ್ಲಿ ಯಾರೋ ಅಂಟಿಸಿದ್ದರು.

ಡೇಟಾಬೇಸಿನಲ್ಲೇ ಇನ್ನೊಂದು ಸಿಕ್ಕಿತು. ಅಪಾಯಿಂಟ್‌ಮೆಂಟ್ ಫಾರ್ಮ್ ಕಳಿಸಿದ ಮೇಲೆ ಬರುವ 'ಧನ್ಯವಾದ' ಪುಟದ ಒಳಗೆ ಆ್ಯಡಿನ ಕನ್ವರ್ಷನ್ ಕೋಡ್, ಅಂದರೆ ಆ್ಯಡ್ ನೋಡಿ ಬಂದವರು ಫಾರ್ಮ್ ಕಳಿಸಿದರು ಅಂತ ಲೆಕ್ಕ ಕೊಡುವ ಕೋಡ್. ಮುಖಪುಟವನ್ನು ನೂರು ಸಲ ನೋಡಿದರೂ ಇದು ಸಿಗುವುದಿಲ್ಲ, ಫಾರ್ಮ್ ತುಂಬಿಯೇ ನೋಡಬೇಕು. ಇದನ್ನೂ ಟ್ಯಾಗ್ ಮ್ಯಾನೇಜರಿನ ಎರಡು ತುಂಡುಗಳನ್ನೂ ತೆಗೆದ ಮೇಲೆ ರಿಸೆಪ್ಷನ್ ಅಕ್ಕನಿಗೆ ಮೊದಲೇ ಹೇಳಿ, ಹೆಸರಿನ ಜಾಗದಲ್ಲಿ "ಟೆಸ್ಟ್, ಯಾರೂ ಬರಲ್ಲ" ಅಂತ ಬರೆದು ಮೂರು ಸಲ ಕಳಿಸಿ ನೋಡಿದೆ. ವಿಳಾಸದ ಪುಟದ ಮ್ಯಾಪ್ ಕೂಡ ಹೊರಗಿನಿಂದ ಬರುತ್ತಿತ್ತು, ಅದನ್ನು ತೆಗೆದು ಒಂದು ಚಿತ್ರ ಮತ್ತು ಲಿಂಕ್ ಇಟ್ಟೆ.

ಕೋಡ್ ಹೋದರೂ ಕುಕಿ ಬಂದವರ ಬ್ರೌಸರಿನಲ್ಲೇ ಉಳಿಯುತ್ತದೆ. ಪಿಕ್ಸೆಲ್‌ನ ಕುಕಿಗೆ 90 ದಿನ. ಅನಾಲಿಟಿಕ್ಸ್ ಕುಕಿ ಎರಡು ವರ್ಷ ಕೇಳುತ್ತದೆ, ಕ್ರೋಮ್ ಅದನ್ನು 400 ದಿನಕ್ಕೆ ಮೊಟಕು ಮಾಡುತ್ತದೆ. ಅದಕ್ಕೆ ಸರ್ವರಿನಿಂದಲೇ ಅದೇ ಹೆಸರಿನ ಕುಕಿಗಳನ್ನು ಅವಧಿ ಮುಗಿದ ತಾರೀಕು ಹಾಕಿ ಕಳಿಸುವ ಎರಡು ಸಾಲು ಸೇರಿಸಿದೆ. ಡೊಮೇನ್ ಮೊದಲಿನಂತೆಯೇ ಇರಬೇಕು, ಇಲ್ಲದಿದ್ದರೆ ಅಳಿಯುವುದಿಲ್ಲ. ಆ ಸಾಲುಗಳನ್ನು ಎರಡು ವರ್ಷ ಬಿಟ್ಟು ತೆಗೆಯಬೇಕು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಆಮೇಲೆ ಡಾಕ್ಟರ ಮುಂದೆಯೇ ಇನ್‌ಕಾಗ್ನಿಟೊದಲ್ಲಿ ಬಂಜೆತನದ ಚಿಕಿತ್ಸೆಯ ಪುಟ ತೆರೆದೆ. ನೆಟ್‌ವರ್ಕ್ ಟ್ಯಾಬಿನ ಪಟ್ಟಿಯಲ್ಲಿ ನಮ್ಮ ಸೈಟಿನ ಹೆಸರೊಂದೇ ಇತ್ತು. ಅವರು ಮೇಲಿಂದ ಕೆಳಗೆ ಒಂದೊಂದೇ ಸಾಲು ಓದಿದರು. "ಫಾರ್ಮಿನದ್ದೂ ತೋರಿಸಿ" ಅಂದರು. ತೋರಿಸಿದೆ.