ಒಂದು ಸ್ಲೈಡಿಗೆ ಒಂದೇ ಮಾತು

ಬೆಂಗಳೂರಿನಲ್ಲಿ ಈಗ ಸ್ಲೈಡ್ ಇಲ್ಲದ ಸಭೆ ಅಪರೂಪ. ವೈಟ್‌ಫೀಲ್ಡಿನ ಕಚೇರಿಗಳ ಮಾತು ಬಿಡಿ, ಬಡಾವಣೆಯ ನಿವಾಸಿಗಳ ಸಂಘ, ಕಾಲೇಜಿನ ಪ್ರಾಜೆಕ್ಟ್ ವೈವಾ, ಶಾಲೆಯ ಪೋಷಕರ ಸಭೆ, ಎಲ್ಲಿ ಹೋದರೂ ಗೋಡೆಯ ಮೇಲೆ ಪರದೆ ಇಳಿಬಿದ್ದಿರುತ್ತದೆ. ಹೇಳುವವರ ಬಳಿ ಸರಕು ಇರುವುದಿಲ್ಲ ಎಂದಲ್ಲ. ವಾರಗಟ್ಟಲೆ ಓಡಾಡಿ ಕಲೆಹಾಕಿದ ಮಾಹಿತಿ ಇರುತ್ತದೆ. ಆದರೂ ಕೇಳಿದವರು ಹೊರಗೆ ಬಂದು ಚಪ್ಪಲಿ ಮೆಟ್ಟುವ ಹೊತ್ತಿಗೆ ಅದರಲ್ಲಿ ಮುಕ್ಕಾಲು ಪಾಲು ಮರೆತಿರುತ್ತಾರೆ. ಆಡಬೇಕಾದ ಮಾತನ್ನೇ ಸ್ಲೈಡಿನ ಮೇಲೂ ಬರೆದುಬಿಡುವುದು ಇದಕ್ಕೆ ಮುಖ್ಯ ಕಾರಣ. ಓದಬೇಕೋ ಕೇಳಬೇಕೋ ತಿಳಿಯದೆ ಜನ ಎರಡನ್ನೂ ಅರ್ಧಕ್ಕೆ ಬಿಡುತ್ತಾರೆ.

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಇದನ್ನೇ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದಾಗ ಜನ ಚೆನ್ನಾಗಿ ಕಲಿಯುತ್ತಾರೆ. ಅದೇ ವಿವರಣೆಯನ್ನು ಪದಪದವಾಗಿ ಪರದೆಯ ಮೇಲೂ ಹಾಕಿದರೆ ಕಲಿಕೆ ಕುಗ್ಗುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ. ವಿವರಣೆ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ: ನಿಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಮಳೆನೀರು ಕೊಯ್ಲಿನ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕಿದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಪವರ್‌ಪಾಯಿಂಟ್ ತೆರೆದ ಕೂಡಲೇ ಅದು ಒಂದು ಶೀರ್ಷಿಕೆಯ ಜಾಗ, ಕೆಳಗೆ ಚುಕ್ಕೆಸಾಲುಗಳ ಜಾಗ ಕೊಟ್ಟು ಕಾಯುತ್ತದೆ. ಖಾಲಿ ಜಾಗ ಕಂಡರೆ ತುಂಬುವ ಮನಸ್ಸಾಗುವುದು ಸಹಜ. ಆದ್ದರಿಂದ ಅದನ್ನು ತೆರೆಯಲೇಬೇಡಿ. ಕಾಗದ ತೆಗೆದುಕೊಂಡು ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಎದುರು ಕೂರುವವರು ಯಾರು? ಎದ್ದು ಹೋಗುವಾಗ ಅವರು ಏನು ಮಾಡಲು ಒಪ್ಪಿರಬೇಕು?

ನಮ್ಮ ಉದಾಹರಣೆಯಲ್ಲಿ ಎರಡನೆಯದಕ್ಕೆ ಉತ್ತರ ಹೀಗಿರಬಹುದು: ‘ಮುಂದಿನ ಮಳೆಗಾಲದೊಳಗೆ ನಮ್ಮ ಬೀದಿಯ ಪ್ರತಿ ಮನೆಯವರೂ ಸೂರಿನ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಬೇಕು.’ ಈ ವಾಕ್ಯವನ್ನು ಬರೆಯಲು ಆಗದಿದ್ದರೆ ಇನ್ನೂ ಮಾತಿಗೆ ಸಿದ್ಧರಾಗಿಲ್ಲ ಎಂದೇ ತಿಳಿಯಬೇಕು. ಬರೆದ ಮೇಲೆ ಕಲೆಹಾಕಿದ ಮಾಹಿತಿಯ ಒಂದೊಂದು ತುಣುಕನ್ನೂ ಅದರ ಮುಂದೆ ಇಟ್ಟು ನೋಡಿ. ಜಗತ್ತಿನ ನೀರಿನ ಒಟ್ಟು ಲೆಕ್ಕ ಈ ಸಭೆಗೆ ಬೇಡ. 2009ರ ಕಾಯ್ದೆ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 30x40 ಅಡಿಯ ನಿವೇಶನದ ಹೊಸ ಮನೆಗಳಿಗೂ 60x40 ಅಡಿಯ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು ಎಂಬುದು ಬೇಕು, ಏಕೆಂದರೆ ಸಭೆಯಲ್ಲಿ ಒಬ್ಬರಾದರೂ ‘ಇದು ನಮಗೆ ಅನ್ವಯಿಸುತ್ತದೆಯೇ’ ಎಂದು ಕೇಳಿಯೇ ಕೇಳುತ್ತಾರೆ. ಖರ್ಚು ಬೇಕು, ಕೆಲಸಗಾರರು ಎಲ್ಲಿ ಸಿಗುತ್ತಾರೆ ಎಂಬುದು ಬೇಕು. ಉಳಿದದ್ದನ್ನು ಧೈರ್ಯವಾಗಿ ಕೈಬಿಡಿ. ಕಷ್ಟಪಟ್ಟು ಹುಡುಕಿದ್ದೇನೆ ಎಂಬ ಕಾರಣಕ್ಕೆ ಯಾವುದೂ ಸ್ಲೈಡಿನ ಮೇಲೆ ಬರಬಾರದು.

ಉಳಿಸಿಕೊಂಡ ಅಂಶಗಳನ್ನು ಚೀಟಿಗೆ ಒಂದರಂತೆ ಬರೆದು ನೆಲದ ಮೇಲೆ ಹರಡಿ. ಹಿಂದೆ ಮುಂದೆ ಮಾಡಿ ಜೋಡಿಸಿ, ಗಟ್ಟಿಯಾಗಿ ಹೇಳಿ ನೋಡಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಒಂದು ಚೀಟಿ ಜಾಗ ತಪ್ಪಿದೆ ಅಥವಾ ಒಂದು ಚೀಟಿ ಕಡಿಮೆ ಇದೆ.

ತಲೆಬರಹವೇ ತೀರ್ಮಾನ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಸಾಮಾನ್ಯವಾಗಿ ನಾವು ಕಾಣುವ ಸ್ಲೈಡ್ ಹೀಗಿರುತ್ತದೆ: ಮೇಲೆ ‘ಮಳೆನೀರು ಕೊಯ್ಲು: ಒಂದು ಅವಲೋಕನ’. ಕೆಳಗೆ ಏಳು ಚುಕ್ಕೆಸಾಲುಗಳು. ನಗರದ ವಾರ್ಷಿಕ ಸರಾಸರಿ ಮಳೆ, ಸೂರಿನ ವಿಸ್ತೀರ್ಣ, ಸಂಗ್ರಹದ ಸೂತ್ರ, ಅಂತರ್ಜಲದ ಸ್ಥಿತಿ, ಕಾಯ್ದೆ, ಪ್ರಯೋಜನಗಳು, ಉಪಸಂಹಾರ. ಬಲಬದಿಯಲ್ಲಿ ಅಂತರ್ಜಾಲದಿಂದ ತಂದ ಹನಿ ನೀರಿನ ಚಿತ್ರ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಏನನ್ನೂ ಹೇಳುತ್ತಿಲ್ಲ. ವಿಷಯದ ಹೆಸರು ಹೇಳಿ ಸುಮ್ಮನಾಗುತ್ತದೆ.

ಈಗ ಅದೇ ಮಾಹಿತಿಯನ್ನು ಲೆಕ್ಕ ಹಾಕಿ. ಮನೆಯ ಸೂರು 1,200 ಚದರ ಅಡಿ ಇದೆ ಎನ್ನೋಣ. ಅಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿ.ಮೀ. ಮಳೆ. ಎರಡನ್ನೂ ಗುಣಿಸಿದರೆ 1 ಲಕ್ಷ ಲೀಟರಿಗೂ ಸ್ವಲ್ಪ ಮೇಲಾಗುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೆಂಟು ಟ್ಯಾಂಕರ್. ಹಾಗಾದರೆ ತಲೆಬರಹ ಪೂರ್ಣ ವಾಕ್ಯವಾಗಿ ಹೀಗಿರಲಿ: ‘1,200 ಚದರ ಅಡಿ ಸೂರಿನ ಮೇಲೆ ವರ್ಷಕ್ಕೆ 18 ಟ್ಯಾಂಕರ್ ನೀರು ಬೀಳುತ್ತದೆ.’ ಕೆಳಗೆ ಒಂದು ಮನೆ, ಅದರ ಪಕ್ಕದಲ್ಲಿ ಆರರಂತೆ ಮೂರು ಸಾಲಿನಲ್ಲಿ ಹದಿನೆಂಟು ಟ್ಯಾಂಕರ್‌ಗಳ ಸರಳ ಚಿತ್ರ. ಅಷ್ಟೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗಾಗಿ ಫೋನ್ ಹಿಡಿದು ಕಾದು ಕುಳಿತವರಿಗೆ ಈ ಚಿತ್ರದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದ ನೀರೆಲ್ಲ ತೊಟ್ಟಿಗೆ ಬರುವುದಿಲ್ಲ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು, ಒಂದಿಷ್ಟು ಆವಿಯಾಗುತ್ತದೆ ಎಂಬುದನ್ನು ಬಾಯಲ್ಲಿ ಹೇಳಿ. ಮರೆಮಾಚಬೇಡಿ. ಲೆಕ್ಕ ಬಲ್ಲವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಅವರ ನಂಬಿಕೆ ಕಳೆದುಕೊಂಡರೆ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ತಲೆಬರಹಕ್ಕೆ ಇಷ್ಟು ಮಹತ್ವವೇ ಎನ್ನುವವರಿಗೆ 2003ರ ಕೊಲಂಬಿಯಾ ಗಗನನೌಕೆಯ ದುರಂತವನ್ನು ನೆನಪಿಸಬೇಕು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ನೌಕೆಯ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಅದರ ಪರಿಣಾಮದ ಬಗ್ಗೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಒಂದು ಸ್ಲೈಡಿನ ತಲೆಬರಹ ಓದಿದರೆ ಭಯಪಡುವಂಥದ್ದು ಏನೂ ಇಲ್ಲ ಎನ್ನಿಸುವಂತಿತ್ತು. ಬಡಿದ ತುಂಡಿನ ಗಾತ್ರದ ಅಂದಾಜು 1,920 ಘನ ಅಂಗುಲ, ಹಾನಿಯ ಅಂದಾಜಿಗೆ ಆಧಾರವಾದ ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದು ಬರೀ 3 ಘನ ಅಂಗುಲ ಎಂಬ ಎದೆ ನಡುಗಿಸುವ ಸಂಗತಿ ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಹೂತುಹೋಗಿತ್ತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹಿಂತಿರುಗಲಿಲ್ಲ. ಒಂದು ಸ್ಲೈಡಿನಿಂದಲೇ ದುರಂತವಾಯಿತು ಎನ್ನುವುದು ತಪ್ಪಾಗುತ್ತದೆ. ಆದರೆ ಇಂಥ ಸ್ಲೈಡನ್ನು ಓದಿದ ಅಧಿಕಾರಿಗೆ ಪ್ರಾಣಾಪಾಯದ ಸುಳಿವು ಸಿಗದೇ ಹೋಗುವುದು ಎಷ್ಟು ಸುಲಭ ಎಂಬುದನ್ನು ತನಿಖಾ ಮಂಡಳಿ ತನ್ನ ವರದಿಯಲ್ಲೇ ದಾಖಲಿಸಿತು. ನೀವು ಹೇಳಲೇಬೇಕಾದ ಮಾತು ಮೇಲೆ ಇರಲಿ, ದೊಡ್ಡದಾಗಿ ಇರಲಿ.

ಎಲ್ಲ ಸ್ಲೈಡುಗಳೂ ಮುಗಿದ ಮೇಲೆ ತಲೆಬರಹಗಳನ್ನು ಮಾತ್ರ ಒಂದರ ಕೆಳಗೊಂದು ಬರೆದು ಓದಿ. ಅದೇ ಒಂದು ಪುಟ್ಟ ಕಥೆಯಂತೆ ಓದಿಸಿಕೊಂಡರೆ ನಿಮ್ಮ ಮಾತಿನ ಎಳೆ ಸರಿಯಾಗಿದೆ.

ಕನ್ನಡದ ಅಕ್ಷರಕ್ಕೆ ಬೇಕಾದ ಜಾಗ

ಕನ್ನಡದಲ್ಲಿ ಸ್ಲೈಡ್ ಮಾಡುವವರು ಇಂಗ್ಲಿಷ್ ಮಾದರಿಯ ಅಳತೆಗಳನ್ನು ಹಾಗೆಯೇ ಉಳಿಸಿಕೊಳ್ಳುವುದರಿಂದ ಅಕ್ಷರಗಳು ಇಕ್ಕಟ್ಟಿಗೆ ಸಿಲುಕುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ. ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಸಾಲಿನ ಅಂತರವನ್ನು 1.2 ಅಥವಾ 1.3ಕ್ಕೆ ಏರಿಸಿ. ಅಕ್ಷರದ ಗಾತ್ರ 28ಕ್ಕಿಂತ ಇಳಿಯದಿರಲಿ, ತಲೆಬರಹ 36ರ ಮೇಲಿರಲಿ. ಒತ್ತು ಕೊಡಬೇಕಾದ ಪದವನ್ನು ಓರೆಯಾಗಿಸಬೇಡಿ, ಕನ್ನಡದ ದುಂಡು ಅಕ್ಷರ ಓರೆಯಾದಾಗ ದೂರದಿಂದ ಕಲಸಿಹೋಗುತ್ತದೆ. ದಪ್ಪ ಮಾಡಿ ಅಥವಾ ಬಣ್ಣ ಬದಲಿಸಿ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಏಳೆಂಟು ಅಡಿ ಹಿಂದೆ ನಿಂತು ಓದಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಹಿಂದಿನ ಸಾಲಿನವರಿಗೂ ಅದೇ ಪಾಡು.

ಫಾಂಟ್ ವಿಷಯದಲ್ಲಿ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡನ್ನೇ ಬಳಸಿ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ, ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ ಎರಡೂ ಸ್ಪಷ್ಟವಾಗಿವೆ. ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ಅದರಲ್ಲಿ ಅಕ್ಷರ ಕದಲುವುದಿಲ್ಲ.

ಬೆಂಗಳೂರಿನ ಸಭೆಗಳಲ್ಲಿ ಕನ್ನಡ ಓದಲು ಬಾರದವರೂ ಇರುತ್ತಾರೆ. ಅವರಿಗಾಗಿ ಪ್ರತಿ ಸಾಲನ್ನೂ ಎರಡು ಭಾಷೆಯಲ್ಲಿ ಹಾಕಿದರೆ ಸ್ಲೈಡ್ ಇಬ್ಬರಿಗೂ ಆಗದಂತಾಗುತ್ತದೆ. ನನ್ನ ಸಲಹೆ ಇಷ್ಟು: ಸ್ಲೈಡ್ ಕನ್ನಡದಲ್ಲಿರಲಿ, ಚಿತ್ರ ಮತ್ತು ಅಂಕಿಗಳೇ ಹೆಚ್ಚು ಮಾತಾಡಲಿ, ಇಂಗ್ಲಿಷಿನ ಸಾರಾಂಶವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಬಾಗಿಲಲ್ಲೇ ಕೊಡಿ.

ಬಣ್ಣದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಕಿಟಕಿಗೆ ಪರದೆ ಇಲ್ಲದ, ಟ್ಯೂಬ್‌ಲೈಟ್ ಆರಿಸಲಾಗದ ಸಭಾಂಗಣಗಳೇ ನಮ್ಮಲ್ಲಿ ಹೆಚ್ಚು. ಅಲ್ಲಿ ಕಡು ಹಿನ್ನೆಲೆ ಬೂದಿಯಂತೆ ಮಂಕಾಗುತ್ತದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಎದ್ದು ಕಾಣಬೇಕಾದಲ್ಲಿ ಒಂದೇ ಒಂದು ಬಣ್ಣ. ಕೆಂಪು ಮತ್ತು ಹಸಿರನ್ನು ಎದುರುಬದುರು ಬಳಸಬೇಡಿ, ಆ ಎರಡನ್ನು ಬೇರ್ಪಡಿಸಿ ನೋಡಲಾಗದವರು ಗಂಡಸರಲ್ಲಿ ಒಂದಿಷ್ಟು ಮಂದಿ ಇರುತ್ತಾರೆ. ಅಕ್ಷರ ಹಾರಿ ಬರುವ, ಗಿರಗಿರನೆ ತಿರುಗುವ ಆಟಗಳನ್ನೆಲ್ಲ ತೆಗೆದುಬಿಡಿ.

ನಿಂತು, ಗಟ್ಟಿಯಾಗಿ

ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಎದ್ದು ನಿಂತು, ಸಭೆಯಲ್ಲಿ ಮಾತನಾಡುವ ದನಿಯಲ್ಲೇ, ಗಡಿಯಾರ ಇಟ್ಟುಕೊಂಡು ಮಾತನಾಡಿ. ಹದಿನೈದು ನಿಮಿಷ ಕೊಟ್ಟಿದ್ದರೆ ಹನ್ನೆರಡಕ್ಕೆ ಮುಗಿಯುವಂತೆ ಸಿದ್ಧಮಾಡಿ, ಹಿಂದಿನವರ ಭಾಷಣ ಉದ್ದವಾಗಿ ನಿಮ್ಮ ಸಮಯಕ್ಕೆ ಕತ್ತರಿ ಬೀಳುವುದು ನಮ್ಮ ಸಭೆಗಳಲ್ಲಿ ಮಾಮೂಲು. ಇಡೀ ಮಾತನ್ನು ಬಾಯಿಪಾಠ ಮಾಡಬೇಡಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಬಾಯಿಗೆ ಬಂದಿರಲಿ, ಎದೆ ಡವಗುಟ್ಟುವ ಹೊತ್ತಿನಲ್ಲಿ ಅವು ಕೈಹಿಡಿಯುತ್ತವೆ.

ಸ್ಲೈಡ್ ಬದಲಿಸುವ ಕ್ರಮವನ್ನೂ ರೂಢಿಸಿಕೊಳ್ಳಬೇಕು. ಹೊಸ ಸ್ಲೈಡ್ ಬಂದ ಮೇಲೆ ತಿರುಗಿ ನೋಡಿ, ‘ಇದೇನೆಂದರೆ’ ಎಂದು ಶುರುಮಾಡುವುದು ಬೇಡ. ‘ನಮ್ಮ ಸೂರಿನ ಮೇಲೆ ಎಷ್ಟು ನೀರು ಬೀಳುತ್ತದೆ ನೋಡೋಣ’ ಎಂದು ಮೊದಲೇ ಹೇಳಿ, ಆಮೇಲೆ ಗುಂಡಿ ಒತ್ತಿ. ಎರಡು ಮೂರು ಕ್ಷಣ ಸುಮ್ಮನಿರಿ. ಜನ ನೋಡಲಿ. ಆ ಮೌನ ನಿಮಗೆ ದೀರ್ಘವೆನಿಸಿದರೂ ಕುಳಿತವರಿಗೆ ಹಾಗೆನಿಸುವುದಿಲ್ಲ. ಸ್ಲೈಡಿನಿಂದ ಗಮನವನ್ನು ನಿಮ್ಮ ಕಡೆ ಎಳೆಯಬೇಕೆನಿಸಿದರೆ ಪವರ್‌ಪಾಯಿಂಟಿನಲ್ಲಿ ಇಂಗ್ಲಿಷಿನ ‘ಬಿ’ ಕೀಲಿ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ.

ಸಭೆಯ ದಿನ

ಈ ಊರಿನಲ್ಲಿ ಹೊರಡುವ ಹೊತ್ತನ್ನು ನಕ್ಷೆಯ ಆ್ಯಪ್ ತೋರಿಸುವ ನಿಮಿಷಗಳ ಮೇಲೆ ಬಿಡಬೇಡಿ. ಮೆಟ್ರೊ ಇದ್ದರೆ ಮೆಟ್ರೊ ಹಿಡಿಯಿರಿ. ಸಭೆಗೆ ಅರ್ಧ ಗಂಟೆ ಮುಂಚೆ ತಲುಪಿದರೆ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸಿ ನೋಡಲು ಸಮಯ ಸಿಗುತ್ತದೆ. ಹಳೆಯ ಪ್ರೊಜೆಕ್ಟರಿನಲ್ಲಿ ವಿಜಿಎ ಮಾತ್ರ ಇರಬಹುದು, ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಮಾತ್ರ ಇರಬಹುದು, ಆದ್ದರಿಂದ ಎರಡೂ ಬಗೆಯ ಅಡಾಪ್ಟರ್ ಚೀಲದಲ್ಲಿರಲಿ. ವಿಂಡೋಸ್‌ನಲ್ಲಿ ಚಿತ್ರ ಪರದೆಗೆ ಬಾರದಿದ್ದರೆ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ, ಆಯ್ಕೆಗಳು ಬರುತ್ತವೆ. ವಾಟ್ಸ್‌ಆ್ಯಪ್ ಸಂದೇಶಗಳು ಪರದೆಯ ಮೂಲೆಯಲ್ಲಿ ಇಣುಕದಂತೆ ಅಧಿಸೂಚನೆಗಳನ್ನು ಆರಿಸಿಡಿ. ಕೊನೆಯ ಸಾಲಿನ ಕುರ್ಚಿಯಲ್ಲಿ ಒಮ್ಮೆ ಕುಳಿತು ನಿಮ್ಮ ಮೊದಲ ಸ್ಲೈಡನ್ನು ನೋಡಿ ಬನ್ನಿ. ವಿದ್ಯುತ್ ಕೈಕೊಟ್ಟರೆ ಮಾತು ನಿಲ್ಲಬಾರದು, ಸ್ಲೈಡುಗಳ ಮುದ್ರಿತ ಪ್ರತಿ ಕೈಯಲ್ಲಿದ್ದರೆ ನೀವು ಮುಂದುವರಿಸಬಹುದು.

ಕೊನೆಯ ಸ್ಲೈಡಿನಲ್ಲಿ ದೊಡ್ಡದಾಗಿ ‘ಧನ್ಯವಾದಗಳು’ ಎಂದು ಬರೆಯುವ ಪದ್ಧತಿಯನ್ನು ಬಿಟ್ಟುಬಿಡಿ ಎಂದು ಕಳಕಳಿಯಿಂದ ಕೇಳುತ್ತೇನೆ. ಧನ್ಯವಾದವನ್ನು ಕೈಮುಗಿದು ಬಾಯಲ್ಲಿ ಹೇಳಿದರೆ ಸಾಕು. ಪ್ರಶ್ನೋತ್ತರ ಮುಗಿಯುವವರೆಗೂ ಪರದೆಯ ಮೇಲೆ ನಿಲ್ಲುವುದು ಕೊನೆಯ ಸ್ಲೈಡೇ. ಅಷ್ಟು ಹೊತ್ತು ಸಿಗುವ ಜಾಗದಲ್ಲಿ ನೀವು ಕೇಳಿಕೊಳ್ಳಬೇಕಾದದ್ದು ಇರಲಿ: ಯಾರು, ಏನು, ಯಾವ ದಿನಾಂಕದೊಳಗೆ ಮಾಡಬೇಕು, ಯಾರನ್ನು ಸಂಪರ್ಕಿಸಬೇಕು. ಪ್ರಶ್ನೆ ಬಂದಾಗ ಅದನ್ನು ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿ ಉತ್ತರಿಸಿ, ಹಿಂದೆ ಕುಳಿತವರಿಗೆ ಮುಂದಿನವರ ಪ್ರಶ್ನೆ ಕೇಳಿಸಿರುವುದಿಲ್ಲ. ಕೈಬಿಟ್ಟ ವಿವರಗಳನ್ನು, ಅಂದರೆ ಕಾಯ್ದೆಯ ಪಠ್ಯ, ಖರ್ಚಿನ ಪಟ್ಟಿ, ಮಳೆಯ ತಿಂಗಳವಾರು ಅಂಕಿಗಳನ್ನು, ಕೊನೆಯ ಸ್ಲೈಡಿನ ನಂತರ ಸೇರಿಸಿಡಿ. ಯಾರಾದರೂ ಕೇಳಿದರೆ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ನೇರ ಅಲ್ಲಿಗೇ ಹೋಗಬಹುದು. ಆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದವರ ಹೆಸರಿನೊಂದಿಗೆ ಎಲ್ಲರೆದುರೇ ಬರೆದುಕೊಳ್ಳಿ, ಅಂದೇ ಸಂಜೆ ಪಿಡಿಎಫ್ ಪ್ರತಿಯ ಜೊತೆ ಉತ್ತರವನ್ನೂ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ.