ಕೊರಮೀನಿನ ಹಳದಿ ಗಂಟಿನೊಳಗೆ ಯಾವ ಹುಳು?

ಕೊರಮೀನು ಸೀಳಿದಾಗ ಕೆಲವೊಮ್ಮೆ ಹಳದಿ ಗಂಟುಗಳು ಸಿಗುತ್ತವೆ. ಒಳಗಿರುವುದು ಚಪ್ಪಟೆ ಹುಳುವಿನ ಮರಿ. ಬಸವನಹುಳುವಿನಿಂದ ಹೊರಬಿದ್ದು ಮೀನಿಗೆ ಸೇರುತ್ತದೆ. ಆ ಮೀನನ್ನು ಬಕದಂಥ ಹಕ್ಕಿ ತಿಂದ ಮೇಲೇ ಅದು ಬೆಳೆದು ಮೊಟ್ಟೆ ಇಡುವುದು. ನಮ್ಮ ತುಮಕೂರು ಜಿಲ್ಲೆಯಲ್ಲಿ ಬಕಗಳಿಗೇನು ಕೊರತೆ, ಶಿರಾ ಹತ್ತಿರದ ಕಗ್ಗಲಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ.

ಜಾತಿ ಗುರುತಿಸಲು ಹುಳುವಿನ ವೃಷಣ, ಅಂಡಾಶಯದ ಆಕಾರ ನೋಡಬೇಕು. ಮರಿಯಲ್ಲಿ ಅವು ಬಲಿತಿರುವುದಿಲ್ಲ. ಹಾಗಾಗಿ ಡಿಎನ್‌ಎ ಬಾರ್‌ಕೋಡಿಂಗ್, ಅಂದರೆ ಜೀನಿನ ಒಂದು ಚೂರನ್ನು ಓದಿ ಜಾತಿ ಗುರುತಿಸುವುದು, ನಿಜಕ್ಕೂ ಬೇಕಾಗುವುದು ಮರಿಗಳಿಗೇ ಅನ್ನುವುದು ನನ್ನ ಅಭಿಪ್ರಾಯ.

ಮಾರ್ಕೋನಹಳ್ಳಿ ಡ್ಯಾಮಿನ ಮೀನುಗಾರರಿಗೆ, "ಹುಳ ಇರೋ ಮೀನು ಎಸೀಬೇಡಿ ಅಣ್ಣ, ಐಸಲ್ಲಿಟ್ಟು ಕೊಡಿ" ಎಂದು ಹೇಳಿಟ್ಟಿದ್ದೆ. ಲ್ಯಾಬಿನಲ್ಲಿ ಗಂಟು ಬಿಡಿಸಿ, ಮೀನಿನ ಚೂರೂ ಉಳಿಯದಂತೆ ಸಲೈನ್‌ನಲ್ಲಿ ಹುಳುವನ್ನು ಮತ್ತೆ ಮತ್ತೆ ತೊಳೆದೆ. ಅಂಚಿನ ಒಂದು ಚೂರು ಮಾತ್ರ ಕತ್ತರಿಸಿ ಶೇ. 95ರ ಆಲ್ಕೋಹಾಲ್‌ಗೆ ಹಾಕಿದೆ. ಫಾರ್ಮಾಲಿನ್ ಬೇಡವೇ ಬೇಡ, ಡಿಎನ್‌ಎ ತುಂಡಾಗುತ್ತದೆ. ಉಳಿದ ಮೈಗೆ ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ಲೈಡ್ ಮಾಡಿಟ್ಟೆ. ಈ ಸ್ಲೈಡ್ ಇಲ್ಲದಿದ್ದರೆ ಮುಂದೆ ಯಾರಾದರೂ ಹುಳುವಿಗೆ ನಾವು ಕೊಟ್ಟ ಹೆಸರನ್ನು ಪ್ರಶ್ನಿಸಿದಾಗ ತೋರಿಸಲು ಹುಳುವೇ ಇರುವುದಿಲ್ಲ.

ಬಾರ್‌ಕೋಡ್ ಅಂದರೆ ಸಾಮಾನ್ಯವಾಗಿ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ. ಆ ಜಾಗವನ್ನು ಹುಡುಕಿ ಹಿಡಿಯುವ ಪುಟ್ಟ ಡಿಎನ್‌ಎ ತುಣುಕುಗಳೇ ಪ್ರೈಮರ್‌ಗಳು, ಅವುಗಳಲ್ಲಿ 1994ರ ಫೋಲ್ಮರ್ ಪ್ರೈಮರ್‌ಗಳು ಹೆಸರುವಾಸಿ. ಆದರೆ ಚಪ್ಪಟೆ ಹುಳುಗಳಲ್ಲಿ ಅವು ಎಷ್ಟೋ ಸಲ ಕೈಕೊಡುತ್ತವೆ, ಮೀನಿನ ಡಿಎನ್‌ಎಯನ್ನೇ ಹಿಡಿಯುತ್ತವೆ. ಡಿಎನ್‌ಎ ಸಿಕ್ಕಿದೆ ಎಂದು ತೋರಿಸುವ ಚೆಂದದ ಬ್ಯಾಂಡ್ (ಗೆರೆ) ಜೆಲ್‌ನಲ್ಲಿ ಬಂದರೂ ಅದು ಕೊರಮೀನಿನದೇ ಇರಬಹುದು! ಅದಕ್ಕೇ ಪ್ರತಿ ಪಿಸಿಆರ್‌ನಲ್ಲೂ (ಡಿಎನ್‌ಎ ಚೂರಿನ ಲಕ್ಷಾಂತರ ಪ್ರತಿ ಮಾಡುವ ಹಂತ) ಹೋಲಿಕೆಗೆಂದು ಬರೀ ಮೀನಿನ ಮಾಂಸದ ಡಿಎನ್‌ಎ ಇರುವ ಒಂದು ಟ್ಯೂಬ್ ಇಡುತ್ತೇನೆ. ಮೊದಲು 28ಎಸ್ ಜೀನ್ ಓದಿಸಿದೆ. ಅದು ನಿಧಾನವಾಗಿ ಬದಲಾಗುವ ಜೀನ್, ಕುಲ ಯಾವುದೆಂದು ಹೇಳುತ್ತದೆ. ಆಮೇಲೆ ಚಪ್ಪಟೆ ಹುಳುಗಳಿಗೆಂದೇ ಮಾಡಿದ ಪ್ರೈಮರ್‌ಗಳಿಂದ ಸಿಒಐ. ಹತ್ತಿರದ ಜಾತಿಗಳನ್ನು ಬೇರ್ಪಡಿಸುವುದು ಅದೇ.

ಎಲ್ಲರೂ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಸೇರಿಸುವ ಜೆನ್‌ಬ್ಯಾಂಕ್ ಸಂಗ್ರಹದಲ್ಲಿ ಹೋಲಿಸಿದಾಗ ಯೂಕ್ಲೈನೋಸ್ಟೋಮಮ್ ಕುಲ ಎಂದು ಬಂತು. ಶೇಕಡಾವಾರು ಹೊಂದಿಕೆ ಜಾಸ್ತಿ ಇದ್ದ ಮಾತ್ರಕ್ಕೆ ಅಲ್ಲಿನ ಜಾತಿ ಹೆಸರನ್ನು ಸುಮ್ನೆ ಎತ್ತಿಕೊಳ್ಳಬಾರದು. ಆ ಸೀಕ್ವೆನ್ಸ್ ಹಕ್ಕಿಯಿಂದ ತೆಗೆದ ಬೆಳೆದ ಹುಳುವಿನದಾ, ಅದರ ಮಾದರಿ ಎಲ್ಲಾದರೂ ಇಟ್ಟಿದ್ದಾರಾ ಎಂದು ನೋಡಬೇಕು, ಅಲ್ವಾ? ಅಂಥದ್ದು ಸಿಗುವವರೆಗೆ ನಾನು ಕುಲದ ಹೆಸರಷ್ಟೇ ಬರೆಯುತ್ತೇನೆ.

ಮೀನುಗಾರರು ಕೇಳುವುದು ತಿನ್ನಬಹುದಾ ಎಂದು. ಗಂಟು ತೆಗೆದು, ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತದೆ, ಧಾರಾಳವಾಗಿ ತಿನ್ನಿ ಎನ್ನುತ್ತೇನೆ. ಈಗ ಅದೇ ನೀರಿನ ಬಸವನಹುಳುಗಳಿಂದ ಹೊರಬರುವ ಮರಿಗಳ ಸೀಕ್ವೆನ್ಸ್ ಮಾಡಿಸುತ್ತಿದ್ದೇನೆ. ಎರಡೂ ತಾಳೆಯಾದರೆ, ಮೀನಿಗೆ ಈ ಹುಳು ಯಾವ ಬಸವನಹುಳುವಿನಿಂದ ಬರುತ್ತಿದೆ ಎಂದು ಅವರಿಗೆ ಖಚಿತವಾಗಿ ಹೇಳಬಹುದು.